ಹಿಂದಿನ ಕೋಣೆಯ ಜಗಲಿ

ಜೊಕೊನಿಯಾ ಎತ್ತಿದ ಸುತ್ತಿಗೆ ಕೆಳಗಿಳಿಯುವ ಮೊದಲೇ ಮಾರ್ವೇ ಅವನ ತೋಳಿಗೆ ಎರಡೂ ಕೈ ಹಾಕಿ ಜೋತುಬಿದ್ದಳು.

“ಬಿಡು ಮಾರ್ವಕ್ಕ, ಮೈಮೇಲೆ ಬಿದ್ದೀತು!”

“ಬೀಳಲಿ. ಮೊದಲು ನನ್ನ ತಲೆ ಒಡಿ, ಆಮೇಲೆ ಜಗಲಿ ಒಡಿ. ಎರಡು ಹೆಣ ಒಂದೇ ಲಾರೀಲಿ ಹೋಗ್ತವೆ, ನಿನಗೂ ಸಲೀಸು.”

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸಾವಿನ ಮನೆಯಲ್ಲಿ ನಗಿಸುವುದು ಮಾರ್ವೇಯ ಹಕ್ಕು. ಅವಳು ಸತ್ತ ಎರಿನಾಳ ಸಾಹ್ವಿರಾ. ಇಬ್ಬರ ಅಜ್ಜಂದಿರು ಕಟ್ಟಿಕೊಂಡ ಗೆಳೆತನ ಮೊಮ್ಮಕ್ಕಳವರೆಗೆ ಇಳಿದು ಬಂದಿತ್ತು. ಸಾಹ್ವಿರಾ ಆದವಳು ಹೆಣದ ಮುಂದೆ ಏನು ಬೇಕಾದರೂ ಆಡಬಹುದು. ಸತ್ತವರ ಬಟ್ಟೆ ತೊಟ್ಟು ಅವರ ಹಾಗೇ ನಡೆದು ತೋರಿಸಬಹುದು, ಊರ ಹಿರಿಯನನ್ನೂ ಪಾದ್ರಿಯನ್ನೂ ಒಂದೇ ಬಾಯಲ್ಲಿ ಬೈಯಬಹುದು. ಯಾರೂ ಮುಖ ಸಿಂಡರಿಸುವ ಹಾಗಿಲ್ಲ. ಆದರೆ ಈ ಬೆಳಿಗ್ಗೆ ಮಾರ್ವೇಗೆ ನಗಿಸುವ ಮನಸ್ಸೇ ಇರಲಿಲ್ಲ.

“ನಾನೇನು ಖುಷಿಗೆ ಒಡೀತಿದ್ದೀನಾ?” ಜೊಕೊನಿಯಾ ಸುತ್ತಿಗೆ ಇಳಿಸಿ ಹಣೆ ಒರೆಸಿಕೊಂಡ. ಸತ್ತವಳ ತಮ್ಮ ಅವನು, ಅಕ್ಕನನ್ನು ಊರಿಗೆ ಒಯ್ದು ಮಣ್ಣು ಮಾಡಲು ಬುಹೇರಾದ ಹಳ್ಳಿಯಿಂದ ಹೊತ್ತು ಮೂಡುವ ಮೊದಲೇ ಬಂದಿಳಿದಿದ್ದ. “ಇದನ್ನ ಒಡೆದು ಬೀಗದಕೈ ಕೊಟ್ಟರೆ ಮಾತ್ರ ಅಕ್ಕನ್ನ ಅಂಗಳದಲ್ಲಿ ಇಳಿಸೋಕೆ ಬಿಡ್ತಾಳಂತೆ ಮನೆಯೊಡತಿ. ಇಲ್ಲಾಂದ್ರೆ ಗೇಟಿಂದಲೇ ಹೊರಡಿ ಅಂತಾಳೆ. ಜಗಳ ಬೇಡ ಕಣಕ್ಕ.”

“ಅಂಗಳದಲ್ಲಿ! ಇಪ್ಪತ್ತು ವರ್ಷದ ಮೇಲೆ ಇಲ್ಲಿ ಬದುಕಿದವಳನ್ನ ಅಂಗಳದಲ್ಲಿ ಇಳಿಸಿ, ಸೊಪ್ಪಿನ ಮೂಟೆ ಹಾಗೆ ಎತ್ಕೊಂಡು ಹೋಗ್ತೀಯಾ?”

ಮಾರ್ವೇ ಜಗಲಿಯ ಮೇಲೆಯೇ ಕೂತುಬಿಟ್ಟಳು. ಹಿಂಗೋಡೆಗೆ ಸೇರಿಸಿ ಕಟ್ಟಿದ, ಮೊಣಕಾಲೆತ್ತರದ ಜಗಲಿ. ಕೆಂಪು ಪಾಲಿಶ್ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಹೊಳಪು ಬಂದಿತ್ತು. ಹಳ್ಳಿಯಲ್ಲಾದರೆ ಪ್ರತಿ ಅಡುಗೆ ಗುಡಿಸಲಲ್ಲೂ ಇಂಥದ್ದೊಂದು ಇರುತ್ತದೆ. ಗಡಿಗೆ ಜೋಡಿಸುವುದು ಅದರ ಮೇಲೆ, ಸತ್ತುಹೋದ ಹಿರಿಯರನ್ನು ಕೂಗಿ ಕರೆಯುವುದು ಅದರ ಮುಂದೆ, ಮನೆಯವರು ಸತ್ತರೆ ಮಲಗಿಸುವುದೂ ಅದರ ಮುಂದೆಯೇ. ಬಾಡಿಗೆ ಕೋಣೆಯಲ್ಲಿ ಯಾರೂ ಕಟ್ಟಿಕೊಳ್ಳುವುದಿಲ್ಲ. ಬಾಡಿಗೆಯವರಿಗೆ ಹಿರಿಯರಿದ್ದರೂ ಅವರು ಊರಲ್ಲೇ ಇರಬೇಕು. ಎರಿನಾ ಕಟ್ಟಿದ್ದಳು. ಅದೇ ಈಗ ಕುತ್ತಿಗೆಗೆ ಬಂದಿತ್ತು.

“ಕೂತ್ಕೊಂಡೆಯಾ? ಕೂತ್ಕೋ ಕೂತ್ಕೋ,” ಅಂತ ಬಾಗಿಲಿಂದ ದನಿ ಬಂತು. ಹೆಂಗಸರು ಆಚೀಚೆ ಸರಿದರು. ಮುನ್ಯನವ್ವ ಬಂದು ನಿಂತಿದ್ದಳು. ಮನೆಯ ಒಡತಿ ಅವಳು. ಮುಂದಿನ ಮೂರು ಕೋಣೆಯಲ್ಲಿ ಅವಳಿದ್ದಾಳೆ, ಹಿತ್ತಲ ಕಡೆಯ ಈ ಕೋಣೆ ಬಾಡಿಗೆಯದು. “ಲಾರಿ ಆಸ್ಪತ್ರೆ ಬಿಟ್ಟಿದೆಯಂತೆ. ಅದು ಬರೋಷ್ಟರಲ್ಲಿ ಕೋಣೆ ಖಾಲಿಯಾಗಿ, ಜಗಲಿ ಹೋಗಿ, ನೆಲ ಸಮ ಆಗಿರ್ಬೇಕು. ಬಾಡಿಗೆ ತಿಂಗಳು ಇವತ್ತಿಗೆ ಮುಗೀತು.”

“ಹೆಣ ಇನ್ನೂ ಮಣ್ಣು ಕಂಡಿಲ್ಲ, ಬಾಡಿಗೆ ಮಾತು ಆಡ್ತೀಯಲ್ಲೇ. ನಾಲಿಗೆ ಹೇಗೆ ಹೊರಳುತ್ತೆ ನಿಂಗೆ?”

“ನನ್ನ ಮಗ ಹೆಂಡ್ತಿ ಮಗೂನ ಕರ್ಕೊಂಡು ಇವತ್ತು ಬರ್ತಾ ಇದ್ದಾನೆ ಮಾರ್ವೇ. ನೆತ್ತಿ ಇನ್ನೂ ಕೂಡದ ಕೂಸು. ಈ ಕೋಣೇಲೇ ಮಲಗಬೇಕು ಅದು. ನೀನು ಆಡು, ಕುಣಿ, ಬೈ. ನಿನ್ನ ಹಕ್ಕು ಹೆಣದ ಮೇಲೆ. ನನ್ನ ಮನೆ ಮೇಲೆ ಅಲ್ಲ.”

ಅಷ್ಟು ಹೇಳಿ ಅವಳು ತಿರುಗಿ ಹೋದಳು. ಮಾರ್ವೇ ಜಗಲಿಯಿಂದ ಏಳಲಿಲ್ಲ.

*

ಎರಿನಾ ಪೇಟೆಯ ಈ ಮುಫಕೋಸೆ ಬಡಾವಣೆಗೆ ಬಂದಾಗ ಅವಳ ಜೊತೆಗಿದ್ದದ್ದು ಒಂದು ತಗಡಿನ ಪೆಟ್ಟಿಗೆ, ಅವ್ವನ ಮೂರು ಗಡಿಗೆ. ಮಕ್ಕಳಾಗಲಿಲ್ಲ ಅಂತ ಗಂಡನ ಮನೆಯವರು ವಾಪಸು ಕಳಿಸಿದ್ದರು. ತವರಿಗೆ ಹೋದರೆ ಅಲ್ಲಿ ತಮ್ಮನ ಹೆಂಡತಿಯ ಅಡುಗೆಮನೆ, ತಮ್ಮನ ಹೆಂಡತಿಯ ಜಗಲಿ. ಗಡಿಗೆ ಇಡಲು ತನ್ನದೊಂದು ಜಾಗವಿಲ್ಲದ ಹೆಂಗಸು ಹಳ್ಳಿಯಲ್ಲಿ ಎಷ್ಟು ದಿನ ತಲೆ ತಗ್ಗಿಸಿ ಇದ್ದಾಳು? ಪೇಟೆಗೆ ಬಂದಳು, ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ನಿಂತಳು, ಮಾರ್ವೇಯ ಬೀದಿಯಲ್ಲೇ ಕೋಣೆ ಹಿಡಿದಳು.

“ಅವ್ವನ ಗಡಿಗೆ ಮಂಚದ ಕೆಳಗಾ? ಚಪ್ಪಲಿ ಪಕ್ಕದಲ್ಲಾ?” ಮಾರ್ವೇ ಒಂದು ದಿನ ರೇಗಿಸಿದಳು. “ನಿನ್ನವ್ವ ಎದ್ದು ಬಂದು ಕೆನ್ನೆಗೆ ಬಾರಿಸ್ತಾಳೆ ನೋಡು.”

“ಮತ್ತೆಲ್ಲಿಡ್ಲಿ? ನಿನ್ನ ತಲೆ ಮೇಲಾ?”

“ನನ್ನ ತಲೆ ಮೇಲೆ ಈಗಾಗಲೇ ನನ್ನ ಗಂಡ ಕೂತಿದ್ದಾನೆ, ಜಾಗ ಇಲ್ಲ.”

ಮುಂದಿನ ಭಾನುವಾರ ಇಬ್ಬರೂ ರೈಲು ಹಳಿಯಾಚೆ ಹೋಗಿ ಹುತ್ತದ ಮಣ್ಣು ಹೊತ್ತು ತಂದರು. ಯಾರದೋ ಕಟ್ಟಡದ ಕೆಲಸದಲ್ಲಿ ಉಳಿದ ಅರ್ಧ ಚೀಲ ಸಿಮೆಂಟನ್ನು ಮಾರ್ವೇ ಗಂಡ ಕೊಟ್ಟಿದ್ದ. ಲಂಗ ಎತ್ತಿ ಕಟ್ಟಿ ಕಾಲಲ್ಲಿ ಕಲಸಿದರು. ಆಗ ಮುನ್ಯನವ್ವ ಮುನ್ಯನನ್ನು ಸೊಂಟದ ಮೇಲೆ ಹೊತ್ತು ಬಂದು ಇಣುಕಿದಳು. ಆಗ ಅವಳೂ ಹುಡುಗಿಯೇ, ಗಂಡ ಸತ್ತು ವರ್ಷವಾಗಿರಲಿಲ್ಲ.

“ಏನ್ರೇ ಇದು? ನನ್ನ ಮನೇಲಿ ನಿಮ್ಮೂರು ಕಟ್ತಿದ್ದೀರಾ?”

ಎರಿನಾ ಹೆದರಿ ಕೈ ಹಿಂದಕ್ಕೆ ಇಟ್ಟುಕೊಂಡಳು. ಮುನ್ಯ ಅವ್ವನ ಸೊಂಟದಿಂದ ಜಾರಿ, ಓಡಿ ಹೋಗಿ, ಹಸಿ ಜಗಲಿಯ ಮೇಲೆ ತಪ್ಪನೆ ಕೂತ. ಮೂವರೂ ಹೊಟ್ಟೆ ಹಿಡಿದು ನಕ್ಕರು.

“ಕಟ್ಕೋ ಹೋಗು,” ಎಂದಳು ಮುನ್ಯನವ್ವ. “ಆದ್ರೆ ಬಿಟ್ಟು ಹೋಗೋ ದಿನ ನೀನೇ ಒಡೆದು, ನೆಲ ಸಮ ಮಾಡಿ ಕೊಡ್ಬೇಕು. ಒಂದು ಮನೇಲಿ ಎರಡು ಕುಲದ ಹಿರಿಯರು ಇರೋಕಾಗಲ್ಲ. ಮಾತು?”

“ಮಾತು,” ಎಂದು ಎರಿನಾ ಕೆಸರುಗೈಯಲ್ಲೇ ಕೈ ತಟ್ಟಿ ವಂದಿಸಿದಳು.

ಜಗಲಿ ಒಣಗಿದ ಮೇಲೆ ಅವಳು ಬಾಗಿಲು ಹಾಕಿಕೊಂಡು, ಹಿರಿಯರಿಗೆಂದು ಚಿಟಿಕೆ ನಶ್ಯ ಇಟ್ಟು, ಅವ್ವನ ಹೆಸರು, ಅಜ್ಜಿಯ ಹೆಸರು ಹೇಳಿ ಕರೆದಳು. ಹೊರಗೆ ಬಂದಾಗ ಅವಳ ಮುಖ ನೋಡಿ ಮಾರ್ವೇ ಗೇಲಿ ಮಾಡುವುದನ್ನು ಮರೆತಳು. ಆಮೇಲೆ ಎಷ್ಟೋ ವರ್ಷ ಮುನ್ಯ ಶಾಲೆಯಿಂದ ಬಂದವನು ನೇರ ಈ ಕೋಣೆಗೆ ನುಗ್ಗಿ, ಆ ಜಗಲಿಯ ಪಕ್ಕ ಕೂತೇ ಮೆಕ್ಕೆಜೋಳದ ಮುದ್ದೆ ಉಣ್ಣುತ್ತಿದ್ದ. ಅವನವ್ವ ಸಂತೆಯಿಂದ ಬರುವುದು ಹೊತ್ತಾಗುತ್ತಿತ್ತು.

*

ಲಾರಿ ಬಂತು. ಅಂಗಳದ ಹೆಂಗಸರು ಮುದ್ದೆ ತೊಳಸುವ ಕೋಲು ಬಿಟ್ಟು, ಹಾಡು ಎತ್ತಿಕೊಂಡು ಗೇಟಿಗೆ ಓಡಿದರು. ಡೋಲು ಬಡಿಯಿತು. ಆರು ಜನ ಗಂಡಸರು ಶವಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಹಾಡಿನ ಜೊತೆಗೆ ಹೆಜ್ಜೆ ಹಾಕುತ್ತ, ಯಾರೂ ಹೇಳದೆಯೇ ಸೀದಾ ಹಿಂದಿನ ಕೋಣೆಯ ಕಡೆಗೆ ತಿರುಗಿದರು. ಸಾವಿನ ಮನೆಯಲ್ಲಿ ಕಾಲಿಗೆ ಅಭ್ಯಾಸವಾದ ದಾರಿ ಅದು.

ಮುನ್ಯನವ್ವ ಓಡಿಬಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಹಾಡು ಅರ್ಧಕ್ಕೇ ನಿಂತಿತು.

“ನನ್ನ ದಾಟ್ಕೊಂಡು ಹೋಗಿ ನೋಡೋಣ,” ಎಂದಳು.

ಪೆಟ್ಟಿಗೆ ಹೊತ್ತವರು ನಿಂತಲ್ಲೇ ನಿಂತರು. ಬಾಗಿಲವರೆಗೆ ಬಂದ ಹೆಣವನ್ನು ಹಿಂದಕ್ಕೆ ತಿರುಗಿಸುವುದು ಒಳ್ಳೆಯದಲ್ಲ ಅಂತ ಎಲ್ಲರಿಗೂ ಗೊತ್ತು. ಹೆಂಗಸೊಬ್ಬಳನ್ನು, ಅದೂ ಮನೆಯೊಡತಿಯನ್ನು, ದಾಟಿ ಹೋಗುವಂತೆಯೂ ಇಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಲಾರಿಯ ಡ್ರೈವರು ಗೇಟಿನಿಂದಲೇ ಕೂಗಿದ: “ಈಗ ಹೊರಟರೆ ಬೆಳಕಲ್ಲಿ ಊರು ಮುಟ್ತೀವಿ. ಆ ಕಡೆ ರಸ್ತೆ ಕೆಟ್ಟುಹೋಗಿದೆ, ಆಮೇಲೆ ನನ್ನ ಬೈಬೇಡಿ!”

ಜೊಕೊನಿಯಾ ಮೊಣಕಾಲೂರಿ ಕೈ ತಟ್ಟಿದ. “ಅಮ್ಮಾ, ದಮ್ಮಯ್ಯ ಅಂತೀನಿ. ಒಂದು ಗಳಿಗೆ. ಒಳಗೆ ಇಟ್ಟು ಎತ್ಕೊಂಡುಬಿಡ್ತೀವಿ.”

“ನೀವು ಹಳ್ಳಿಯವರು, ನಿಮಗೆ ನಾನು ಹೇಳಿಕೊಡ್ಬೇಕಾ?” ಮುನ್ಯನವ್ವನ ದನಿ ಒಡೆಯಿತು. “ಆ ಜಗಲಿ ಮುಂದೆ ಮಲಗಿಸಿದ್ರೆ ಅವಳು ಇಲ್ಲಿಯವಳಾಗ್ತಾಳೆ. ವರ್ಷ ತುಂಬಿದ ಮೇಲೆ ಆತ್ಮಾನ ಮನೆಗೆ ಕರೀತೀರಲ್ಲ, ಆಗ ಎಲ್ಲಿಗೆ ಬರ್ತಾಳೆ? ನಿಮ್ಮ ಹಳ್ಳಿಗಾ? ಅಲ್ಲಿ ಅವಳದ್ದು ಏನಿದೆ? ಇಲ್ಲಿಗೇ ಬರ್ತಾಳೆ. ನನ್ನ ಮೊಮ್ಮಗು ಮಲಗೋ ಜಾಗಕ್ಕೆ. ಅದೂ ನನ್ನ ಮೇಲೆ...” ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ಆ ಹೆಂಗಸು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ‘ಅದೂ ನನ್ನ ಮೇಲೆ’ ಎಂದು ಅವಳು ಏನು ಹೇಳಹೊರಟು ನಿಲ್ಲಿಸಿದಳು ಅಂತ ಇಡೀ ಅಂಗಳದಲ್ಲಿ ಗೊತ್ತಿದ್ದದ್ದು ಮಾರ್ವೇ ಒಬ್ಬಳಿಗೇ.

*

ಕೋಣೆ ಬಿಡಲು ಹೇಳಿದ್ದು ಮೂರು ತಿಂಗಳ ಹಿಂದೆ. ಮುನ್ಯನವ್ವ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು, ಎರಿನಾ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. “ಮುನ್ಯ ಹೆಂಡ್ತಿ ಮಗು ಕರ್ಕೊಂಡು ಬರ್ತಾನೆ. ನಿಂಗೆ ಮೂರು ತಿಂಗಳು ಟೈಮು.” ಅಷ್ಟೇ. ಹೇಳಿದವಳು ತಿರುಗಿಯೂ ನೋಡಲಿಲ್ಲ. ಕೇಳಿದವಳು ಹ್ಞೂಂ ಅನ್ನಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಅಂಗಳ, ಒಂದೇ ನಲ್ಲಿ, ಒಂದೇ ತಂತಿ. ಒಬ್ಬಳು ಹೊರಗೆ ಬಂದರೆ ಇನ್ನೊಬ್ಬಳು ಒಳಗೆ.

ಎರಿನಾ ಚಿಹೇರಾ ಹೆಣ್ಣು. ಆ ಕುಲದ ಹೆಂಗಸರು ಹಟಕ್ಕೆ ಹೆಸರಾದವರು, ಗಂಡಸರೇ ಅವರಿಗೆ ದಾರಿ ಬಿಡುತ್ತಾರೆ. ಮರುದಿನವೇ ಬಣ್ಣದ ಡಬ್ಬಿ ತಂದಳು. ಗೋಡೆಯ ಮೊಳೆ ಒಂದೊಂದಾಗಿ ಕಿತ್ತಳು, ತೂತುಗಳಿಗೆ ಸೋಪು ತುಂಬಿದಳು, ಕಿಟಕಿಯ ಒಡೆದ ಗಾಜು ಬದಲಾಯಿಸಿದಳು. ಲಾಂಡ್ರಿಯಿಂದ ಬಂದು ಸ್ಟೂಲು ಹತ್ತಿ ಬಣ್ಣ ಬಳಿಯುತ್ತಿದ್ದಳು. ಮಾರ್ವೇ ಬೈದಳು: “ಬಿಪಿ ಇಟ್ಕೊಂಡು ಸ್ಟೂಲು ಹತ್ತಬೇಡ್ವೇ. ಇಷ್ಟೆಲ್ಲ ಯಾರಿಗೆ?”

“ಅವಳ ಬಾಯಿಗೆ ಒಂದು ಮಾತೂ ಸಿಗಬಾರದು. ಬಂದಾಗ ಹೇಗಿತ್ತೋ ಅದಕ್ಕಿಂತ ಚೆನ್ನಾಗಿ ಮಾಡಿ ಮುಖದ ಮೇಲೆ ಎಸೀತೀನಿ.”

“ಹಾಗಾದ್ರೆ ಈ ಜಗಲೀನೂ ಒಡೆದುಬಿಡೋಣ. ನಾನು ಬರ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ!”

“ಮಾತು ಕೊಟ್ಟಿದ್ದೀಯ ಕಣೇ.”

“ಕೊಟ್ಟಿದ್ದೀನಿ. ಹೋಗೋ ದಿನ ಒಡೀತೀನಿ, ನನ್ನ ಕೈಯಾರೆ. ಆ ದಿನ ಇನ್ನೂ ಬಂದಿಲ್ಲ.” ಕುಂಚ ಕೆಳಗಿಟ್ಟು ಹೇಳಿದಳು: “ಹೊಟ್ಟೆ ಉರಿಯುತ್ತೆ ಮಾರ್ವೇ. ‘ಬಾ, ಕೂತ್ಕೋ, ಹೀಗಾಗಿದೆ’ ಅಂತ ಅವಳು ಒಂದು ಮಾತು ಅಂದಿದ್ರೆ ಅವತ್ತೇ ಗಂಟು ಕಟ್ತಿದ್ದೆ. ಮುನ್ಯನ ಮಗು ಬಂದ್ರೆ ನಂಗೆ ಬೇಜಾರಾ?”

ಮೂರು ಗೋಡೆ ಮುಗಿದಿತ್ತು. ಜಗಲಿಯಿದ್ದ ನಾಲ್ಕನೆಯ ಗೋಡೆಗೆ ಬಣ್ಣ ಕಲಸುತ್ತಿರುವಾಗಲೇ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ.

*

ಕೋಣೆಯ ಸಾಮಾನೆಲ್ಲ ಮಾವಿನ ಮರದ ಕೆಳಗೆ ಗುಡ್ಡೆ ಬಿದ್ದಿತ್ತು. ಮಾರ್ವೇ ಅಲ್ಲಿಗೆ ಹೋಗಿ ತಗಡಿನ ಪೆಟ್ಟಿಗೆ ತೆರೆದಳು. ಲಾಂಡ್ರಿಯ ನೀಲಿ ಕೋಟು ತೆಗೆದು ತೊಟ್ಟಳು, ಹಳದಿ ತಲೆವಸ್ತ್ರ ಬಿಗಿದಳು. ಇಸ್ತ್ರಿ ತಿಕ್ಕಿ ತಿಕ್ಕಿ ಎರಿನಾಳ ಬಲ ಭುಜ ಇಳಿದುಹೋಗಿತ್ತು. ಮಾರ್ವೇ ಭುಜ ಹಾಗೇ ಇಳಿಸಿ, ಹಾಗೇ ಕಾಲೆಳೆಯುತ್ತ ನಡೆದು ಬಂದಳು. ಯಾರೋ ಗಂಟಲೆತ್ತಿ ಕೇಕೆ ಹಾಕಿದರು. ಪೆಟ್ಟಿಗೆ ಹೊತ್ತವರ ಮುಖದಲ್ಲೂ ನಗು ಹಾಯಿತು.

ದಾರಿಯಲ್ಲಿ ಸಿಕ್ಕವರ ಕಾಲರು, ಕುಪ್ಪಸದ ತೋಳು, ಲಂಗದ ಅಂಚು, ಎಲ್ಲವನ್ನೂ ಅಂಗೈಯಿಂದ ಒತ್ತಿ ಒತ್ತಿ ಸರಿಮಾಡುತ್ತ ಬಂದಳು. ಎರಿನಾ ಹಾಗೆಯೇ. ಯಾರ ಮೈಮೇಲೆ ಸುಕ್ಕು ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಜೊಕೊನಿಯಾನ ಅಂಗಿ ನೋಡಿ, “ಇದನ್ನ ಹಸು ಬಾಯಿಂದ ಕಿತ್ಕೊಂಡು ಹಾಕ್ಕೊಂಡೆಯಾ?” ಎಂದಳು. ಜನ ಗೊಳ್ಳೆಂದರು. ಜೊಕೊನಿಯಾ ನಗುತ್ತ ನಗುತ್ತ ಅತ್ತುಬಿಟ್ಟ.

ಹೊಸ್ತಿಲ ಮುಂದೆ ಬಂದು ನಿಂತು ಅವಳು ಎರಿನಾಳ ಗೊಗ್ಗರು ದನಿಯಲ್ಲಿ ಕರೆದಳು: “ಮುನ್ಯನವ್ವಾ, ಮನೇಲಿದ್ದೀಯಾ?”

“ಆಟ ಬೇಡ ಮಾರ್ವೇ.”

“ಯಾವ ಮಾರ್ವೇ? ಆ ಬಾಯಿಬಡುಕಿ ಎಲ್ಲಿ ಹಾಳಾಗಿ ಹೋದಳೋ. ನಾನು ಎರಿನಾ. ಬೀಗದಕೈ ಕೊಡೋಕೆ ಬಂದೆ. ಎದ್ದೇಳು, ಕೋಣೆ ನೋಡ್ಕೋ. ಆಮೇಲೆ ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಬೀದೀಲಿ ನಿಂತು ಕೂಗಬೇಡ. ಮೊಳೆ ಕಿತ್ತಿದ್ದೀನಿ. ತೂತಿಗೆ ಸೋಪು ಮೆತ್ತಿದ್ದೀನಿ, ನಿನ್ನ ಮೊಮ್ಮಗ ನೆಕ್ಕದ ಹಾಗೆ ನೋಡ್ಕೋ. ಕಿಟಕಿ ಗಾಜು ಹೊಸದು. ಮೂರು ಗೋಡೆಗೆ ಬಣ್ಣ ಆಯ್ತು. ನಾಲ್ಕನೇದು ಬಳಿಯೋಕೆ ಮುಂಚೆ ಸತ್ತೆ. ತಪ್ಪಾಯ್ತು.”

ಕೆಲವರು ನಕ್ಕರು, ಕೆಲವರಿಗೆ ನಗಲಾಗಲಿಲ್ಲ. ಮಾರ್ವೇ ಬಗ್ಗಿ, ಮುನ್ಯನವ್ವನ ಮಡಚಿಕೊಂಡಿದ್ದ ಕಾಲರನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿದಳು. ನಿಧಾನವಾಗಿ, ಎರಡು ಸಲ. ಮುನ್ಯನವ್ವ ಆ ಕೈಯನ್ನು ಕೊಡವಲಿಲ್ಲ.

“ಎರಿನಾ,” ಎಂದಳು. ಮಾರ್ವೇ ಅನ್ನಲಿಲ್ಲ. “ನನ್ನ ಮೇಲೆ ಕೋಪ ಇಟ್ಕೊಂಡು ಹೋದೆಯಾ?”

ಮನಸ್ಸಲ್ಲಿ ನಂಜಿಟ್ಟುಕೊಂಡು ಸತ್ತವರು ಹಿಂತಿರುಗಿ ಬಂದು ಮನೆಯ ಮಕ್ಕಳನ್ನು ಕಾಡುತ್ತಾರೆ, ಹಾಗೆ ಹಾಳಾದ ಮನೆಗಳನ್ನು ಎಲ್ಲರೂ ಕಂಡಿದ್ದರು. ಇಲ್ಲ ಅಂದುಬಿಡುವುದು ಸುಲಭ. ಆದರೆ ಸತ್ತವಳ ಬಾಯಲ್ಲಿ ಸುಳ್ಳು ಆಡಿಸಿದ ಸಾಹ್ವಿರಾಳನ್ನು ಆಮೇಲೆ ಯಾವ ಸಾವಿನ ಮನೆಯೂ ಕರೆಯುವುದಿಲ್ಲ. ಹೌದು ಅಂದು ಅಷ್ಟಕ್ಕೇ ನಿಂತರೆ ಈ ಹೆಂಗಸು ಬದುಕಿರುವವರೆಗೂ ನಿದ್ದೆ ಮಾಡಲಾರಳು. ಬೆಳಿಗ್ಗೆಯಿಂದ ಅದೇ ಶಾಪವನ್ನು ಅವಳಿಗೆ ಹಾಕಬೇಕೆಂದಿದ್ದ ಮಾರ್ವೇಗೆ ಈಗ ಅದು ಬೇಡವಾಯಿತು.

“ಇತ್ತು ಕಣೇ,” ಎಂದಳು ಎರಿನಾಳ ದನಿಯಲ್ಲಿ. “ಹೊಟ್ಟೆ ಉರೀತಿತ್ತು. ಒಂದೇ ನಲ್ಲಿ ನೀರು ಕುಡಿದವರು ನಾವು. ‘ಬಾ, ಕೂತ್ಕೋ, ಹೀಗಾಗಿದೆ’ ಅಂತ ನೀನು ಅಂದಿದ್ರೆ ಅವತ್ತೇ ಗಂಟು ಕಟ್ತಿದ್ದೆ. ಮುನ್ಯನ ಮಗು ಬಂದ್ರೆ ನಂಗೆ ಬೇಜಾರಾ?”

“ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ,” ಮುನ್ಯನವ್ವ ಬಿಕ್ಕಿದಳು. “ಅದಕ್ಕೇ ಬೆನ್ನು ತಿರುಗಿಸಿ ಹೇಳಿದೆ. ಆಮೇಲೆ ದಿನಾ ಬಾಯಿ ತೆಗೀಬೇಕು ಅಂತ... ನೀನು ಬಾಗಿಲು ಹಾಕ್ಕೊಂಡು ಬಣ್ಣ ಬಳೀತಿದ್ದೆ.”

“ನಾನು ಚಿಹೇರಾ ಅಲ್ವಾ? ಬಾಗಿಲು ಹಾಕ್ಕೊಂಡೇ ಬಳಿಯೋದು.” ಯಾರೋ ಅಳುತ್ತಲೇ ನಕ್ಕರು. “ಈಗ ಕೇಳು. ಹೋಗೋ ದಿನ ಒಡೀತೀನಿ ಅಂತ ಮಾತು ಕೊಟ್ಟಿದ್ದೆ. ಇವತ್ತು ಹೋಗ್ತಿದ್ದೀನಿ. ದಾರಿ ಬಿಡು. ನನ್ನ ಮನೆಯಿಂದ ಹೊರಡ್ತೀನಿ, ಅಂಗಳದಿಂದ ಅಲ್ಲ. ಒಡೆದು, ನೆಲ ಸಮ ಮಾಡಿ, ಬೀಗದಕೈ ನಿನ್ನ ಕೈಗೇ ಕೊಟ್ಟು ಹೋಗ್ತೀನಿ. ಮಾತು?”

ಮುನ್ಯನವ್ವ ನೆಲಕ್ಕೆ ಕೈಯೂರಿಕೊಂಡು ಎದ್ದಳು. ಹೊಸ್ತಿಲು ಬಿಟ್ಟು ಗೋಡೆಗೆ ಆನಿಕೊಂಡು ನಿಂತಳು. “ಮಾತು,” ಎಂದಳು.

ಪೆಟ್ಟಿಗೆಯನ್ನು ಜಗಲಿಯ ಮುಂದೆ ಇಳಿಸಿದರು. ಜೊಕೊನಿಯಾ ಕೈ ತಟ್ಟಿ ಹಿರಿಯರಿಗೆ ಹೇಳಿದ: ನಿಮ್ಮ ಮಗಳು ಇಲ್ಲಿಂದ ಏಳುತ್ತಿದ್ದಾಳೆ, ನೀವೂ ಏಳಿ, ಜೊತೆಗೆ ಬನ್ನಿ, ಇಲ್ಲಿ ಯಾರೂ ಹಿಂದೆ ಉಳಿಯಬೇಡಿ. ಹೆಂಗಸರು ಸಣ್ಣ ದನಿಯಲ್ಲಿ ಹಾಡಿದರು. ಮಾರ್ವೇ ಸುತ್ತಿಗೆ ಇಸಕೊಂಡು ಮೊದಲ ಏಟು ಹಾಕಿದಳು. ಸುತ್ತಿಗೆ ಹಾಗೇ ಪುಟಿಯಿತು. ಎರಡನೆಯ ಏಟಿಗೆ ಅವಳ ದನಿ ಎರಿನಾಳದ್ದಾಗಿ ಉಳಿಯಲಿಲ್ಲ, ತನ್ನದೇ ಗಂಟಲಲ್ಲಿ ಹೋ ಎಂದು ಅಳತೊಡಗಿದಳು. ತಾನೇ ಕಾಲಲ್ಲಿ ಕಲಸಿದ ಮಣ್ಣು ಅದು.

ಯಾರೋ ಪಕ್ಕದಲ್ಲಿ ಮೊಣಕಾಲೂರಿದರು. ಮುನ್ಯನವ್ವ. ಮೂಗು ಒರೆಸಿಕೊಂಡು, ಗೋಡೆಯ ಕಡೆಗೆ ಬೆರಳು ತೋರಿಸಿದಳು.

“ಅಲ್ಲಿ ಅಲ್ಲ, ಇಲ್ಲಿ ಹೊಡಿ. ಈ ಮೂಲೇಲಿ ನೀವು ಸಿಮೆಂಟು ಕಮ್ಮಿ ಹಾಕಿದ್ರಿ. ನಾನು ನೋಡಿದ್ದೆ.”

“ನೋಡಿದೋಳು ಅವತ್ತೇ ಹೇಳಬಾರದಿತ್ತಾ?”

“ಕೊಡಿಲ್ಲಿ,” ಎಂದು ಅವಳೇ ಸುತ್ತಿಗೆ ತೆಗೆದುಕೊಂಡಳು. ಒಬ್ಬಳು ಸೋತಾಗ ಇನ್ನೊಬ್ಬಳು, ಹೀಗೆ ಒಡೆದರು. ಹೊರಗೆ ಡ್ರೈವರು ಹಾರ್ನು ಹಾಕುವುದನ್ನು ಬಿಟ್ಟು ಸುಮ್ಮನಾದ.

ಪೆಟ್ಟಿಗೆ ಹೊರಗೆ ಹೋದ ಮೇಲೆ ಮಾರ್ವೇ ನೆಲ ಗುಡಿಸಿ ಬೀಗದಕೈಯನ್ನು ಮುನ್ಯನವ್ವನ ಅಂಗೈಯಲ್ಲಿಟ್ಟಳು. ಜೊಕೊನಿಯಾ ಮಣ್ಣಿನ ಗುಡ್ಡೆಯನ್ನು ಸಲಿಕೆಯಲ್ಲಿ ಎತ್ತಿ ಕಕ್ಕಸಿನ ಹಿಂದೆ ಸುರಿಯಲು ಹೊರಟ.

“ಮುಟ್ಟಬೇಡಿ,” ಎಂದಳು ಮುನ್ಯನವ್ವ. ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೆಲಕ್ಕೆ ಹಾಸಿದಳು. ಕೆಂಪು ಹೊಳಪಿದ್ದ ಮೇಲ್ಭಾಗದ ಚೂರುಗಳನ್ನೆಲ್ಲ ಆರಿಸಿ ಅದರಲ್ಲಿ ಇಟ್ಟಳು. “ಉಳಿದ ಮಣ್ಣು ಅಂಗಳದ ಗುಂಡಿಗೆ ಹಾಕಿ. ಇದು ಅವಳ ಜೊತೆ ಹೋಗ್ಬೇಕು. ಮಾರ್ವೇ, ಒಂದು ಕೈ ಕೊಡು, ಎತ್ತು.” ಬಗ್ಗಿ ನಿಂತು ಗಂಟನ್ನು ಬೆನ್ನಿಗೆ ಹಾಕಿಸಿಕೊಂಡು, ಬಟ್ಟೆಯ ತುದಿಗಳನ್ನು ಎದೆಯ ಮೇಲೆ ಬಿಗಿದು ಕಟ್ಟಿದಳು. ಕೋಣೆಗೆ ಬೀಗ ಹಾಕಿದಳು.

“ನೀನೆಲ್ಲಿಗೆ ಹೊರಟೆ?” ಮಾರ್ವೇ ಕೇಳಿದಳು. “ಮಗ ಬರ್ತಾನೆ ಅಂದೆ.”

“ನಾನೇ ಕೈಯಾರೆ ಊರಿಗೆ ಒಪ್ಪಿಸಿ ಬರ್ತೀನಿ. ಇನ್ಯಾರ ಕೈಲಿ ಕಳಿಸಿದ್ರೂ ನಂಗೆ ನಿದ್ದೆ ಬರಲ್ಲ.”

ಲಾರಿ ತುಂಬ ಹೆಂಗಸರು ಪೆಟ್ಟಿಗೆಯ ಸುತ್ತ ಕೂತು ಹಾಡುತ್ತಿದ್ದರು. ಬೀದಿಯ ತಿರುವಿನಲ್ಲಿ ಎದುರಿಗೆ ಒಂದು ಹಳೆಯ ಕಾರು ಬಂದು ಬದಿಗೆ ನಿಂತಿತು. ಮುನ್ಯ ಇಳಿದ, ಟೋಪಿ ತೆಗೆದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ಮಡಿಲಲ್ಲಿ ಕೂಸು.

“ಅವ್ವಾ! ಎಲ್ಲಿಗೆ?” ಎಂದವನು ಲಾರಿಯ ಮೇಲೆ ಕೂತ ಅವ್ವನನ್ನು ಇನ್ನೊಮ್ಮೆ ನೋಡಿದ. “ಬೆನ್ನ ಮೇಲೆ ಯಾರ ಮಗು ಅದು?”

“ಹೆಣ ಹೋಗ್ತಿದೆ, ನಿನ್ನ ಹೆಂಡ್ತಿಗೆ ಕೂಸಿನ ಮುಖ ಮುಚ್ಚು ಅನ್ನು,” ಎಂದು ಮುನ್ಯನವ್ವ ಬೀಗದಕೈಯನ್ನು ಅವನತ್ತ ಎಸೆದಳು. “ಕೋಣೆ ಖಾಲಿಯಿದೆ. ಬಣ್ಣದ ಡಬ್ಬಿ ಮರದ ಕೆಳಗಿದೆ, ಇನ್ನೊಂದು ಗೋಡೆ ಉಳಿದಿದೆ. ನೀನೇ ಬಳಿ.”

ಲಾರಿ ಮುಂದೆ ಹೋಯಿತು. ಮುಫಕೋಸೆ ದಾಟಿದ ಮೇಲೆ ರಸ್ತೆ ಕಿತ್ತುಹೋಗಿತ್ತು, ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಪ್ರತಿ ಗುಂಡಿ ಬಂದಾಗಲೂ ಮುನ್ಯನವ್ವನ ಎರಡೂ ಕೈ ಹಿಂದಕ್ಕೆ ಹೋಗಿ, ಬೆನ್ನ ಮೇಲಿನ ಗಂಟಿನ ಅಡಿಯನ್ನು ಎತ್ತಿ ಹಿಡಿಯುತ್ತಿದ್ದವು.